ಆಂಡ್ರಾಯ್ಡ್‌ನಲ್ಲಿ ವ್ಯೂ ಅಳೆಯುವ ಸಲಕರಣೆಗಳು: ಗೆಟ್‌ವಿಡ್ತ್‌ನಿಂದ ಕಂಪೋಸ್‌ವರೆಗೆ, ದೀರ್ಘ ಬಳಕೆಯ ನಂತರ

ಪರದೆಯ ಮೇಲಿರುವ ಒಂದು ವ್ಯೂ (ಬಟನ್, ಪಠ್ಯ, ಚಿತ್ರದಂಥ ಒಂದು ಘಟಕ) ಎಷ್ಟು ಅಗಲ, ಎಷ್ಟು ಎತ್ತರ ಇದೆ ಎಂದು ಕೇಳುವುದಕ್ಕೆ ಆಂಡ್ರಾಯ್ಡ್‌ನಲ್ಲಿ ಹತ್ತಾರು ದಾರಿಗಳಿವೆ. ಹಳೆಯ ವ್ಯೂ ವ್ಯವಸ್ಥೆಯಿಂದ, ಪರದೆಯನ್ನು ಕೋಡ್‌ನಲ್ಲೇ ವಿವರಿಸುವ ಇವತ್ತಿನ ಜೆಟ್‌ಪ್ಯಾಕ್ ಕಂಪೋಸ್‌ವರೆಗೆ ಅವುಗಳಲ್ಲಿ ಬಹುಪಾಲನ್ನು ವರ್ಷಗಟ್ಟಲೆ ಬಳಸಿದ್ದೇನೆ. ನಾನು ಅವನ್ನು ತೂಗುವ ತಕ್ಕಡಿ ಒಂದೇ: ಕೊಟ್ಟ ಅಳತೆ ಯಾವ ಗಳಿಗೆಗೆ ಸೇರಿದ್ದು ಎಂಬುದು ಕೋಡ್ ಓದುವವರಿಗೆ ಸ್ಪಷ್ಟವಾಗುತ್ತದೆಯೇ? ಇದೊಂದು ಸ್ಪಷ್ಟವಿದ್ದರೆ ಉಳಿದ ಕೊರತೆಗಳನ್ನು ಹೇಗಾದರೂ ನಿಭಾಯಿಸಬಹುದು. ಇಲ್ಲದಿದ್ದರೆ ಸಂಖ್ಯೆ ಸರಿಯಾಗಿಯೇ ಇದ್ದರೂ ಪರದೆ ಕೆಟ್ಟು ನಿಲ್ಲುತ್ತದೆ.

ಹಳೆಯ ವ್ಯವಸ್ಥೆಯಿಂದ ಶುರು ಮಾಡುತ್ತೇನೆ. ಪರದೆ ಶುರುವಾಗುವಾಗ ಓಡುವ ಆನ್‌ಕ್ರಿಯೇಟ್‌ನಲ್ಲಿ, ಅದಕ್ಕೆ ವ್ಯೂಗಳನ್ನು ತುಂಬುವ ಸೆಟ್‌ಕಂಟೆಂಟ್‌ವ್ಯೂ ಕರೆದ ಬೆನ್ನಲ್ಲೇ, ಅಗಲ ಹೇಳುವ ಗೆಟ್‌ವಿಡ್ತ್ ಕೇಳಿದರೆ ಸಿಗುವುದು ಸೊನ್ನೆ. ಹೊಸಬರು ಇದನ್ನು ಬಗ್ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಆ ಹೊತ್ತಿಗೆ ಪರದೆಯ ವಿನ್ಯಾಸ ಬರೆದಿಟ್ಟ ಎಕ್ಸ್‌ಎಂಎಲ್ ಕಡತದಿಂದ ವ್ಯೂಗಳು ಹುಟ್ಟಿವೆ, ಅಷ್ಟೆ. ಅವು ಇನ್ನೂ ವಿಂಡೋಗೆ ಸೇರಿಲ್ಲ, ಅಳತೆಯ ಸುತ್ತು ನಡೆದಿಲ್ಲ, ಜಾಗ ಹಂಚುವ (ಲೇಔಟ್) ಸುತ್ತೂ ನಡೆದಿಲ್ಲ. ಮೊದಲ ಸುತ್ತಿನಲ್ಲಿ ಪ್ರತಿ ಪೇರೆಂಟ್ (ಒಳಗೆ ಬೇರೆ ವ್ಯೂಗಳನ್ನು ಹಿಡಿದ ವ್ಯೂ) ತನ್ನ ಮಕ್ಕಳಿಗೆ ಮೆಷರ್‌ಸ್ಪೆಕ್ ಒಂದನ್ನು ಕೊಡುತ್ತದೆ. ಅದು ಒಂದೇ ಒಂದು 32 ಬಿಟ್‌ನ ಇಂಟ್ (ಪೂರ್ಣಾಂಕ): ಮೇಲಿನ 2 ಬಿಟ್‌ಗಳಲ್ಲಿ ಷರತ್ತು, ಉಳಿದ 30ರಲ್ಲಿ ಅಳತೆ. ಷರತ್ತು ಮೂರು ಬಗೆ. ಎಕ್ಸಾಕ್ಟ್‌ಲಿ ಎಂದರೆ ಇಷ್ಟೇ ಇರಬೇಕು, ಅಟ್‌ಮೋಸ್ಟ್ ಎಂದರೆ ಇದನ್ನು ಮೀರಬಾರದು, ಅನ್‌ಸ್ಪೆಸಿಫೈಡ್ ಎಂದರೆ ನಿನಗೆ ಬೇಕಾದಷ್ಟು. ಮಗು ತನ್ನ ಲೆಕ್ಕ ಮಾಡಿ ಉತ್ತರ ಹೇಳಿದಾಗ ಗೆಟ್‌ಮೆಷರ್ಡ್‌ವಿಡ್ತ್ ತುಂಬುತ್ತದೆ. ಎರಡನೇ ಸುತ್ತಿನಲ್ಲಿ ಪೇರೆಂಟ್ ನಿಜವಾದ ಜಾಗ ಕೊಟ್ಟ ಮೇಲಷ್ಟೇ ಗೆಟ್‌ವಿಡ್ತ್‌ಗೆ ಅರ್ಥ ಬರುತ್ತದೆ. ಬಹಳಷ್ಟು ಸಲ ಎರಡೂ ಒಂದೇ ಇರುತ್ತವೆ. ಆದರೆ ಮಗು ಕೇಳಿದ್ದೇ ಬೇರೆ, ಪೇರೆಂಟ್ ಕೊಟ್ಟಿದ್ದೇ ಬೇರೆ ಆಗಲು ಯಾವ ಅಡ್ಡಿಯೂ ಇಲ್ಲ.

ಇದು ಚೊಕ್ಕಟವಾದ ವಿನ್ಯಾಸ, ಅದರ ಮೇಲೆ ನನಗೆ ಇಂದಿಗೂ ಗೌರವವಿದೆ. ನನ್ನ ತಕರಾರು ಒಂದೇ: ಗೆಟ್‌ವಿಡ್ತ್‌ನ ಉತ್ತರದಲ್ಲಿ ಕಾಲದ ಸುಳಿವೇ ಇಲ್ಲ. ಸೊನ್ನೆ ಬಂದರೆ ಅದು ‘ಇನ್ನೂ ಅಳೆದಿಲ್ಲ’ ಎಂದೋ ‘ಅಳೆದು ನೋಡಿದೆ, ಸೊನ್ನೆಯೇ’ ಎಂದೋ ಹೇಳಲಾಗದು. ಲೇಔಟ್ ಆಗಿದೆಯೇ ಎಂದು ಹೇಳುವ ಈಸ್‌ಲೇಡ್‌ಔಟ್ ಎಂಬ ಮೆಥಡ್ ಇದೆ ನಿಜ, ಆದರೆ ಅದನ್ನು ಕೇಳಬೇಕು ಎಂದು ಹೊಳೆಯುವ ಹೊತ್ತಿಗೆ ಒಂದು ಸಂಜೆ ಕಳೆದಿರುತ್ತದೆ.

ಈ ಕಂದರ ದಾಟಲು ಹಲವು ಸೇತುವೆಗಳಿವೆ. ಬಹುಕಾಲ ಎಲ್ಲರೂ ಬಳಸಿದ್ದು ವ್ಯೂಗಳ ಇಡೀ ಮರವನ್ನು ಗಮನಿಸುವ ವ್ಯೂಟ್ರೀಅಬ್ಸರ್ವರ್‌ನ ಗ್ಲೋಬಲ್ ಲೇಔಟ್ ಲಿಸನರ್. ಅದು ಕೆಲಸ ಮಾಡುತ್ತದೆ, ಆದರೆ ಮರದ ಯಾವ ಮೂಲೆಯಲ್ಲಿ ಲೇಔಟ್ ಬದಲಾದರೂ ಮತ್ತೆ ಕೂಗುತ್ತದೆ. ಕೆಲಸ ಮುಗಿದ ಮೇಲೆ ನಾವೇ ಕಿತ್ತುಹಾಕಬೇಕು, ಕೀಳುವ ಮುಂಚೆ ಅಬ್ಸರ್ವರ್ ಇನ್ನೂ ಜೀವಂತ ಇದೆಯೇ ಎಂದೂ ನೋಡಬೇಕು. ಪೋಸ್ಟ್ ಬಳಸಿ ಕೆಲಸವನ್ನು ಮುಂದಕ್ಕೆ ತಳ್ಳುವುದು ಸಾಮಾನ್ಯವಾಗಿ ಫಲಿಸುತ್ತದೆ. ಆದರೂ ಅಂಥ ಕೋಡ್ ಓದಿದವರಿಗೆ ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂಬುದು ತಿಳಿಯುವುದಿಲ್ಲ. ಕೋಟ್ಲಿನ್ ಭಾಷೆಗಾಗಿ ಇರುವ ಕೋರ್ ಕೆಟಿಎಕ್ಸ್ ಲೈಬ್ರರಿಯ ಡೂಆನ್‌ಲೇಔಟ್ ಬಂದ ಮೇಲೆ ನಾನು ಬೇರೆ ಯಾವುದನ್ನೂ ಮುಟ್ಟಿಲ್ಲ. ಲೇಔಟ್ ಆಗಲೇ ಆಗಿದ್ದರೆ ಕೂಡಲೇ ಓಡುತ್ತದೆ, ಇಲ್ಲವಾದರೆ ಮುಂದಿನ ಲೇಔಟ್‌ಗೆ ಕಾಯುತ್ತದೆ, ಒಂದೇ ಸಲ ಓಡಿ ತಾನೇ ಕಳಚಿಕೊಳ್ಳುತ್ತದೆ. ಒಂದು ಎಚ್ಚರ ಮಾತ್ರ ಬೇಕು. ವ್ಯೂ ಗಾನ್ (ಮರೆಯಾದ) ಸ್ಥಿತಿಯಲ್ಲಿದ್ದರೆ ಹೆಚ್ಚಿನ ಪೇರೆಂಟ್‌ಗಳು ಅದಕ್ಕೆ ಜಾಗ ಕೊಡದೆ ಮುಂದೆ ಹೋಗುತ್ತವೆ, ಆಗ ನಿಮ್ಮ ಬ್ಲಾಕ್ ಓಡುವ ಸರದಿಯೇ ಬರದಿರಬಹುದು.

ಸ್ಕೇಲ್‌ಎಕ್ಸ್ ಬಳಸಿ ವ್ಯೂ ಹಿಗ್ಗಿಸಿದರೆ ಗೆಟ್‌ವಿಡ್ತ್ ಬದಲಾಗುವುದಿಲ್ಲ. ಆನಿಮೇಷನ್ ಬರೆಯುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು.

ಈಗ ಕಂಪೋಸ್‌ಗೆ ಬರೋಣ. 2021ರ ಜುಲೈನಲ್ಲಿ 1.0 ಆವೃತ್ತಿ ಬಂತು. ಅಳತೆಯ ವಿಷಯದಲ್ಲಿ ಅದು ತಂದ ದೊಡ್ಡ ಬದಲಾವಣೆ ಒಂದು ಕಟ್ಟುನಿಟ್ಟಿನ ನಿಯಮ: ಒಂದು ಲೇಔಟ್ ಸುತ್ತಿನಲ್ಲಿ ಒಂದು ಮಗುವನ್ನು ಒಂದೇ ಸಲ ಅಳೆಯಬೇಕು, ಎರಡನೇ ಸಲ ಅಳೆದರೆ ಎಕ್ಸೆಪ್ಷನ್ (ಆ್ಯಪ್ ನಿಲ್ಲಿಸುವ ದೋಷ). ಹಳೆಯ ವ್ಯವಸ್ಥೆಯಲ್ಲಿ ರಿಲೇಟಿವ್‌ಲೇಔಟ್ ತನ್ನ ಮಕ್ಕಳನ್ನು ಎರಡೆರಡು ಸಲ ಅಳೆಯುತ್ತಿತ್ತು. ಅಂಥವನ್ನು ಒಂದರೊಳಗೊಂದು ಇಟ್ಟರೆ ಕಟ್ಟಕಡೆಯ ವ್ಯೂ ಎಂಟು, ಹದಿನಾರು ಸಲ ಅಳೆಸಿಕೊಳ್ಳುತ್ತಿತ್ತು. ಆಳವಾದ ಲೇಔಟ್ ಬೇಡ ಎಂಬ ಹಳೆಯ ಬುದ್ಧಿಮಾತಿನ ಮೂಲ ಇಲ್ಲಿದೆ. ಕಂಪೋಸ್‌ನಲ್ಲಿ ಆ ಅಂಜಿಕೆ ಇಲ್ಲದೆ ಬರೆಯುತ್ತೇನೆ, ದಿನನಿತ್ಯದ ಕೆಲಸದಲ್ಲಿ ಈ ಬಿಡುಗಡೆ ನಿಜವಾಗಿ ಅನುಭವಕ್ಕೆ ಬರುತ್ತದೆ.

ಅಳತೆ ತಿಳಿಯಲು ಕೈಗೆ ಮೊದಲು ಸಿಗುವುದು ಆನ್‌ಸೈಜ್‌ಚೇಂಜ್ಡ್ ಎಂಬ ಮಾಡಿಫೈಯರ್ (ಘಟಕಕ್ಕೆ ಅಂಟಿಸುವ ಗುಣ). ಹೆಸರಿನಲ್ಲೇ ಕಾಲ ಇದೆ: ಮೊದಲ ಸಲ ಅಳೆದಾಗ, ಆಮೇಲೆ ಗಾತ್ರ ಬದಲಾದಾಗ. ಆ ಮಟ್ಟಿಗೆ ಗೆಟ್‌ವಿಡ್ತ್‌ಗಿಂತ ಬಹಳ ಮೇಲು. ಕೊಡುವುದು ಪಿಕ್ಸೆಲ್‌ಗಳಲ್ಲಿ, ಡಿಪಿ (ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆಮಾನ) ಬೇಕಿದ್ದರೆ ಡೆನ್ಸಿಟಿ ಹಿಡಿದು ನಾವೇ ಬದಲಿಸಿಕೊಳ್ಳಬೇಕು. 160 ಡಿಪಿಐ (ಇಂಚಿಗೆ 160 ಚುಕ್ಕಿ) ಪರದೆಯಲ್ಲಿ 1 ಡಿಪಿ ಎಂದರೆ 1 ಪಿಕ್ಸೆಲ್. 420 ಡಿಪಿಐ ಪರದೆಯಲ್ಲಿ 48 ಡಿಪಿಯ ಬಟನ್ ಸರಿಯಾಗಿ 126 ಪಿಕ್ಸೆಲ್ ಆಗುತ್ತದೆ, 100 ಡಿಪಿಯ ಪೆಟ್ಟಿಗೆ 262.5 ಆಗಿ ಪೂರ್ಣಾಂಕಕ್ಕೆ ಸರಿಯುತ್ತದೆ. ಅಲ್ಲಿಂದ ಹಿಂದಕ್ಕೆ ಡಿಪಿಗೆ ಬದಲಿಸಿದರೆ ಸಿಗುವುದು 100 ಅಲ್ಲ. ಹಾಗಾಗಿ ಅಳತೆಗಳನ್ನು ಹೋಲಿಸುವಾಗ ಕಡೆಯವರೆಗೂ ಪಿಕ್ಸೆಲ್‌ನಲ್ಲೇ ಉಳಿಯುತ್ತೇನೆ. ಮಾಡಿಫೈಯರ್‌ಗಳ ಕ್ರಮವೂ ಮುಖ್ಯ: ಪ್ಯಾಡಿಂಗ್‌ಗೆ (ಅಂಚಿನ ಒಳಗಿನ ಖಾಲಿ ಜಾಗ) ಮುಂಚೆ ಬರೆದರೆ ಪ್ಯಾಡಿಂಗ್ ಸೇರಿದ ಗಾತ್ರ, ನಂತರ ಬರೆದರೆ ಒಳಗಿನದು ಮಾತ್ರ.

ದೊಡ್ಡ ತೊಡಕು ಬೇರೆಯೇ ಇದೆ. ಕಂಪೋಸ್‌ನ ಒಂದು ಫ್ರೇಮ್ ಮೂರು ಹಂತಗಳಲ್ಲಿ ಸಾಗುತ್ತದೆ: ಏನು ತೋರಿಸಬೇಕೆಂದು ಗೊತ್ತುಮಾಡುವ ಕಂಪೋಸಿಷನ್, ಅಳೆದು ಜಾಗ ಕೊಡುವ ಲೇಔಟ್, ಬಿಡಿಸುವ ಡ್ರಾಯಿಂಗ್. ಆನ್‌ಸೈಜ್‌ಚೇಂಜ್ಡ್ ಮಾತಾಡುವುದು ಎರಡನೇ ಹಂತದಲ್ಲಿ. ಅಲ್ಲಿ ಸಿಕ್ಕ ಒಂದು ಚಿತ್ರದ ಎತ್ತರವನ್ನು ಸ್ಟೇಟ್‌ನಲ್ಲಿಟ್ಟು (ಬದಲಾದರೆ ಪರದೆಯನ್ನು ಮತ್ತೆ ಕಟ್ಟಿಸುವ ಮೌಲ್ಯ), ಕಂಪೋಸಿಷನ್‌ನಲ್ಲಿ ಓದಿ ಕೆಳಗಿನ ಪಠ್ಯದ ಪ್ಯಾಡಿಂಗ್ ಮಾಡಿದರೆ, ಈ ಫ್ರೇಮ್‌ನ ಕಂಪೋಸಿಷನ್ ಆಗಲೇ ಮುಗಿದುಹೋಗಿದೆ. ಪಠ್ಯ ಮೊದಲು ಚಿತ್ರದ ಮೇಲೆ ಕೂರುತ್ತದೆ, ಮುಂದಿನ ಫ್ರೇಮ್‌ನಲ್ಲಿ ಕೆಳಗೆ ಜಾರುತ್ತದೆ. 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಅದು ಏನೆಂದು ಹಿಡಿಯಲಾಗದು, ಆದರೆ ಏನೋ ಮಿಣುಕಿತು ಎಂಬುದು ತಿಳಿಯುತ್ತದೆ. ಕಂಪೋಸ್‌ನ ಅಧಿಕೃತ ದಾಖಲೆಯೇ ಈ ಮಾದರಿಯನ್ನು ಉದಾಹರಣೆ ಸಮೇತ ಬೇಡ ಎನ್ನುತ್ತದೆ. ಒಂದರ ಗಾತ್ರದ ಮೇಲೆ ಇನ್ನೊಂದರ ಜಾಗ ನಿಂತಿದ್ದರೆ ಒಂದರ ಕೆಳಗೊಂದು ಜೋಡಿಸುವ ಕಾಲಮ್ ಸಾಕು, ಅದಕ್ಕೆ ಬಗ್ಗದಿದ್ದರೆ ಸ್ವಂತ ಲೇಔಟ್ ಬರೆಯಿರಿ. ಸ್ವಂತ ಲೇಔಟ್ ಎಂದರೆ ಹೆದರಬೇಕಿಲ್ಲ, ಇಪ್ಪತ್ತು ಸಾಲಿನ ಕೆಲಸ. ಮಗುವನ್ನು ಅಳೆದ ಗಳಿಗೆಯಲ್ಲೇ, ಅದೇ ಫ್ರೇಮ್‌ನಲ್ಲಿ, ಆ ಅಳತೆ ಹಿಡಿದು ಪಕ್ಕದ್ದನ್ನು ಇಡಬಹುದು. ಇಡೀ ಪೆಟ್ಟಿಗೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಸಲಕರಣೆ ಇದೇ.

ಬಾಕ್ಸ್‌ವಿತ್‌ಕನ್‌ಸ್ಟ್ರೇಂಟ್ಸ್ ಬಗ್ಗೆ ನನ್ನ ಅಭಿಪ್ರಾಯ ಮಿಶ್ರ. ಎಷ್ಟು ಜಾಗ ಇದೆ ಎಂದು ನೋಡಿ ಏನು ತೋರಿಸಬೇಕೆಂದು ತೀರ್ಮಾನಿಸಲು ಅದು ಸರಿ. ಆದರೆ ಒಳಗಿನ ಕಂಪೋಸಿಷನ್ ಲೇಔಟ್ ಹಂತದವರೆಗೆ ಮುಂದೂಡಲ್ಪಡುತ್ತದೆ. ಹೊರಗಿನಿಂದ ಇಂಟ್ರಿನ್ಸಿಕ್ ಅಳತೆ (ಅಳೆಯುವ ಮುನ್ನವೇ ಒಳಗಿನದಕ್ಕೆ ಎಷ್ಟು ಬೇಕೆಂಬ ಲೆಕ್ಕ) ಕೇಳಿದರೆ ಆ್ಯಪ್ ಎಕ್ಸೆಪ್ಷನ್ ಎಸೆದು ನಿಲ್ಲುತ್ತದೆ. ಲಿಸ್ಟ್‌ನ ಪ್ರತಿ ಸಾಲಿನಲ್ಲಿ ಇದನ್ನು ಇಡುವುದು ನನ್ನ ಮಟ್ಟಿಗೆ ದುಂದು. ಘಟಕ ಎಲ್ಲಿದೆ ಎಂದು ಹೇಳುವ ಆನ್‌ಗ್ಲೋಬಲಿಪೊಸಿಷನ್ಡ್ ಸ್ಕ್ರೋಲ್ ಆಗುವಾಗ ಬಿಡದೆ ಕರೆಯಲ್ಪಡುತ್ತದೆ. ಅದರ ಜಾಗಕ್ಕೆ 2025ರ 1.8 ಆವೃತ್ತಿಯಲ್ಲಿ ಬಂದ ಆನ್‌ಲೇಔಟ್‌ರೆಕ್ಟ್‌ಚೇಂಜ್ಡ್ ಬಳಸುತ್ತಿದ್ದೇನೆ. ಎಷ್ಟು ಹೊತ್ತಿಗೊಮ್ಮೆ ಹೇಳಬೇಕು, ಅಲುಗಾಟ ನಿಂತ ಎಷ್ಟು ಹೊತ್ತಿಗೆ ಹೇಳಬೇಕು ಎಂಬುದನ್ನು ನಾವೇ ಗೊತ್ತುಮಾಡಬಹುದು. ಒಂದು ಜಾಗ ಪರದೆಯಲ್ಲಿ ನಿಜವಾಗಿ ಕಂಡಿತೇ ಎಂದು ಲೆಕ್ಕವಿಡುವವರಿಗೆ ಇದು ವರ.

ಇಡೀ ಪರದೆಯ ಗಾತ್ರ ಕೇಳುವ ಅಭ್ಯಾಸವನ್ನು ಮಾತ್ರ ಬಿಡಿ. ಡಿಸ್‌ಪ್ಲೇಯ ಗೆಟ್‌ಮೆಟ್ರಿಕ್ಸ್ ಎಪಿಐ 30ರಲ್ಲೇ (ಆಂಡ್ರಾಯ್ಡ್ 11) ಬಳಕೆ ತಪ್ಪಿದ ಪಟ್ಟಿಗೆ ಸೇರಿದೆ. ಪರದೆ ಇಬ್ಭಾಗವಾದಾಗ ನಿಮಗೆ ಬೇಕಾದದ್ದು ವಿಂಡೋದ ಗಾತ್ರ, ಅದನ್ನು ಜೆಟ್‌ಪ್ಯಾಕ್ ವಿಂಡೋಮ್ಯಾನೇಜರ್ ಹಳೆಯ ಆವೃತ್ತಿಗಳಲ್ಲೂ ಕೊಡುತ್ತದೆ. 600 ಮತ್ತು 840 ಡಿಪಿಗಳಲ್ಲಿ ಗೆರೆ ಎಳೆದ ವಿಂಡೋ ಸೈಜ್ ಕ್ಲಾಸ್‌ಗಳು (ಅಗಲದ ವರ್ಗಗಳು) ಹೆಚ್ಚಿನ ತೀರ್ಮಾನಗಳಿಗೆ ಸಾಕು. ಎಪಿಐ 36 ಗುರಿಯಾಗಿಸಿದ ಆ್ಯಪ್‌ಗಳು ಆಂಡ್ರಾಯ್ಡ್ 16ರ ದೊಡ್ಡ ಪರದೆಗಳಲ್ಲಿ ‘ನಾನು ಅಡ್ಡ ತಿರುಗುವುದಿಲ್ಲ’ ಎಂದರೂ ವ್ಯವಸ್ಥೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಒಮ್ಮೆ ಅಳೆದಿಟ್ಟ ಅಗಲವನ್ನು ನಂಬಿ ಕೂರುವ ಕೋಡ್‌ಗೆ ಉಳಿಗಾಲವಿಲ್ಲ.

ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಒಂದು ಮಾತು ಹೇಳಲೇಬೇಕು. ‘ರಾಷ್ಟ್ರೀಯ’, ‘ಸ್ತ್ರೀ’ಯಂಥ ಪದಗಳಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಆಳಕ್ಕೆ ಇಳಿಯುತ್ತದೆ. ಆಂಡ್ರಾಯ್ಡ್‌ನ ಮೂಲ ಫಾಂಟ್ ರೋಬೋಟೋದಲ್ಲಿ ಕನ್ನಡ ಅಕ್ಷರಗಳಿಲ್ಲ, ಆದ್ದರಿಂದ ಅವು ನೋಟೋದಂಥ ಬೇರೆ ಫಾಂಟ್‌ನಿಂದ ಬರುತ್ತವೆ, ಅದರ ಎತ್ತರ ಬೇರೆ. ಟೆಕ್ಸ್ಟ್‌ವ್ಯೂಗೆ ಎಪಿಐ 28ರಲ್ಲಿ ಬಂದ ಫಾಲ್‌ಬ್ಯಾಕ್‌ಲೈನ್‌ಸ್ಪೇಸಿಂಗ್ ಆ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಂಪೋಸ್ 1.6ರಿಂದ, ಪಠ್ಯದ ಮೇಲೆ ಕೆಳಗೆ ಹೆಚ್ಚುವರಿ ಜಾಗ ಬಿಡುವ ಇನ್‌ಕ್ಲೂಡ್‌ಫಾಂಟ್‌ಪ್ಯಾಡಿಂಗ್ ತಾನಾಗಿ ಇರುವುದಿಲ್ಲ. ಇಂಗ್ಲಿಷ್‌ನಲ್ಲಿ ಅಳೆದು 24 ಡಿಪಿ ಎಂದು ಎತ್ತರ ಬಿಗಿದ ಪೆಟ್ಟಿಗೆಗೆ ಕನ್ನಡ ತುಂಬಿದರೆ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ನಮ್ಮ ಅಕ್ಷರ ಹಾಗೆ ತುಂಡಾಗಿ ಕಾಣುವುದು ನನಗೆ ಸಹಿಸಲಾಗದ ಸಂಗತಿ. ಎತ್ತರವನ್ನು ಬಿಗಿಯಬೇಡಿ, ಕನಿಷ್ಠ ಎತ್ತರ ಕೊಟ್ಟು ಉಳಿದದ್ದನ್ನು ಪಠ್ಯಕ್ಕೆ ಬಿಡಿ. ಮೊದಲೇ ಲೆಕ್ಕ ಬೇಕೇಬೇಕಿದ್ದರೆ ಟೆಕ್ಸ್ಟ್‌ಮೆಷರರ್‌ಗೆ ನಿಮ್ಮಲ್ಲಿರುವ ಅತಿ ಉದ್ದದ, ಅತಿ ಆಳದ ಕನ್ನಡ ವಾಕ್ಯ ಕೊಟ್ಟು ನೋಡಿ.

ಕಣ್ಣಿನಿಂದ ನೋಡುವ ಸಲಕರಣೆಗಳಲ್ಲಿ ಆಂಡ್ರಾಯ್ಡ್ ಸ್ಟುಡಿಯೋದ ಲೇಔಟ್ ಇನ್ಸ್‌ಪೆಕ್ಟರ್ ನನ್ನ ಮುಖ್ಯ ಆಸರೆ. ಮರದ ಯಾವ ಕೊಂಬೆ ಎಷ್ಟು ಜಾಗ ತಿಂದಿದೆ, ಯಾವುದು ಎಷ್ಟು ಸಲ ರೀಕಂಪೋಸ್ ಆಯಿತು (ಮತ್ತೆ ಕಟ್ಟಲ್ಪಟ್ಟಿತು) ಎಂದು ತೋರಿಸುತ್ತದೆ. ಮೇಲೆ ಹೇಳಿದ ಅಳತೆ–ಸ್ಟೇಟ್–ಅಳತೆಯ ಸುಳಿ ಎಲ್ಲಾದರೂ ಇದ್ದರೆ ಆ ಎಣಿಕೆ ಏರುತ್ತಲೇ ಹೋಗಿ ಗುಟ್ಟು ಬಿಟ್ಟುಕೊಡುತ್ತದೆ. ಡಿಸೈನರ್ ಕೊಟ್ಟ ಚಿತ್ರವನ್ನು ಮೇಲೆ ತೆಳ್ಳಗೆ ಹಾಸಿ ಹೋಲಿಸುವ ಸೌಲಭ್ಯವೂ ಇದೆ. ಡೀಬಗ್ ಮಾಡಬಹುದಾದ ಆ್ಯಪ್‌ಗಳಿಗೆ ಮಾತ್ರ ಇದು ಒದಗುತ್ತದೆ. ಬಿಡುಗಡೆಯಾದ ಬಿಲ್ಡ್ ಒಂದರ ಅಂಚುಗಳನ್ನು ನೋಡಬೇಕಾದರೆ ಫೋನಿನ ಡೆವಲಪರ್ ಆಯ್ಕೆಗಳಲ್ಲಿರುವ ಲೇಔಟ್ ಬೌಂಡ್ಸ್ ಚಾಲೂ ಮಾಡುತ್ತೇನೆ. ಸಂಖ್ಯೆ ಕೊಡದಿದ್ದರೂ ಯಾವ ಪೆಟ್ಟಿಗೆ ಎಲ್ಲಿ ಮುಗಿಯಿತು ಎಂಬುದು ಗೆರೆಗಳಲ್ಲಿ ಕಾಣುತ್ತದೆ. ಅದರ ಜೊತೆಗೆ ಫಾಂಟ್ ಗಾತ್ರವನ್ನು ಆಂಡ್ರಾಯ್ಡ್ 14ರಿಂದ ದೊರೆಯುವ 200 ಪ್ರತಿಶತಕ್ಕೆ ಏರಿಸಿ, ಪರದೆಯನ್ನು ಇಬ್ಭಾಗ ಮಾಡಿ, ಪ್ರತಿ ಹೊಸ ಸ್ಕ್ರೀನನ್ನು ಕನ್ನಡದಲ್ಲಿ ಒಮ್ಮೆ ಮೇಲಿಂದ ಕೆಳಗೆ ನೋಡಿದ ಮೇಲೆಯೇ ನಾನು ಮರ್ಜ್ ಮಾಡುವುದು (ಮುಖ್ಯ ಕೋಡ್‌ಗೆ ಸೇರಿಸುವುದು).