ತಿಂಗಳಲ್ಲೊಂದು ಕಾದಂಬರಿ: ಕೊಡಗಿನಲ್ಲಿ ಕೂತು ಬರೆಯುವವರು ಈ ಸವಾಲಿಗೆ ಸೇರಬಹುದೇ?

ಸೇರಬಹುದು. ನವೆಂಬರಿನ 30 ದಿನದಲ್ಲಿ 50,000 ಪದದ ಕಾದಂಬರಿ ಬರೆಯುವ ಸವಾಲು ಇದು. ಆದರೆ ನಮಗೆ ನವೆಂಬರ್ ಬೇಡ, 50,000 ಪದದ ಗುರಿಯೂ ಬೇಡ. ಈ ಎರಡನ್ನು ಬದಲಾಯಿಸಿಕೊಂಡರೆ ವರ್ಷಗಟ್ಟಲೆ ಮೊದಲ ಅಧ್ಯಾಯದಲ್ಲೇ ನಿಂತ ಬರವಣಿಗೆಯನ್ನು ಮುಂದೆ ತಳ್ಳಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಿಗುವುದು ಕಷ್ಟ. ಬದಲಾಯಿಸದೆ ಇದ್ದಹಾಗೇ ತೆಗೆದುಕೊಂಡರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಹತ್ತು ಹನ್ನೆರಡು ದಿನಕ್ಕೇ ಕೈಬಿಡುವ ಸಂಭವ ಹೆಚ್ಚು.

ಈ ಸವಾಲು ಶುರುವಾದದ್ದು 1999ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆ. ಕ್ರಿಸ್ ಬೇಟಿ ಮತ್ತು ಗೆಳೆಯರು, ಒಟ್ಟು 21 ಜನ, ಜುಲೈ ತಿಂಗಳಲ್ಲಿ ಕೂತು ಬರೆದರು. ಮರುವರ್ಷ ಅದು ನವೆಂಬರಿಗೆ ಹೋಯಿತು, ನ್ಯಾನೊರೈಮೊ ಎಂಬ ಹೆಸರಿನಲ್ಲಿ ಜಗತ್ತಿನ ತುಂಬ ಹರಡಿತು. ನಿಯಮ ಒಂದೇ: 30 ದಿನ, 50,000 ಪದ, ಅಂದರೆ ದಿನಕ್ಕೆ 1,667. ಶುಲ್ಕ ಇರಲಿಲ್ಲ. ಮುಗಿಸಿದವರಿಗೆ ಒಂದು ಪ್ರಮಾಣಪತ್ರ, ಬರವಣಿಗೆಯ ತಂತ್ರಾಂಶಗಳ ಮೇಲೆ ಒಂದಷ್ಟು ರಿಯಾಯಿತಿ, ಅಷ್ಟೇ. 2024ರಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಇದನ್ನು ನಡೆಸುತ್ತಿದ್ದ ಸಂಸ್ಥೆ ಕೊಟ್ಟ ಹೇಳಿಕೆಯಿಂದ ಬೇಸತ್ತು ಹಲವು ಲೇಖಕರು ದೂರ ಸರಿದರು. 2025ರ ಮಾರ್ಚ್ ಕೊನೆಯಲ್ಲಿ ಸಂಸ್ಥೆ ಬಾಗಿಲು ಹಾಕುವುದಾಗಿ ಹೇಳಿತು. ಹಾಗಾಗಿ ಈಗ ಉಳಿದಿರುವುದು ನಿಯಮ ಮಾತ್ರ. ಅದನ್ನು ಯಾರು ಬೇಕಾದರೂ, ಯಾವ ತಿಂಗಳಲ್ಲಿ ಬೇಕಾದರೂ ನಡೆಸಬಹುದು. ಕೊಡಗಿನವರ ಮಟ್ಟಿಗೆ ಇದು ಅನುಕೂಲವೇ ಆಯಿತು.

ನವೆಂಬರ್ ಯಾಕೆ ಬೇಡ? ಒಂದನೇ ತಾರೀಖೇ ರಾಜ್ಯೋತ್ಸವ. ಕನ್ನಡದಲ್ಲಿ ಬರೆಯುವವರಲ್ಲಿ ಮೇಷ್ಟ್ರುಗಳು, ಉಪನ್ಯಾಸಕರು ಬಹಳ. ಅವರಿಗೆ ಆ ತಿಂಗಳಿಡೀ ಭಾಷಣ, ಸ್ಪರ್ಧೆ, ತೀರ್ಪುಗಾರಿಕೆ. ತೋಟದ ಮನೆಗಳಲ್ಲಿ ಅರೇಬಿಕಾ ಹಣ್ಣಾಗುವ ಹೊತ್ತು ಅದು. ಕೊಯ್ಲಿಗೆ ಆಳು ಹೊಂದಿಸಬೇಕು, ಕಣ ಸಿದ್ಧ ಮಾಡಬೇಕು, ಅಕಾಲದ ಮಳೆ ಬಂದರೆ ಹರವಿದ ಕಾಫಿಯನ್ನು ರಾತ್ರಿಯಾದರೂ ಮುಚ್ಚಬೇಕು. ಗದ್ದೆ ಇದ್ದವರಿಗೆ ಭತ್ತದ ಕೊಯ್ಲು. ತಿಂಗಳ ಕೊನೆಗೋ ಡಿಸೆಂಬರ್ ಮೊದಲಿಗೋ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ. ನೆಂಟರು ತುಂಬಿದ ಮನೆಯಲ್ಲಿ ದಿನಕ್ಕೆರಡು ಗಂಟೆ ಬಾಗಿಲು ಹಾಕಿಕೊಂಡು ಕೂರುವುದು ಆಗದ ಮಾತು, ಆಗಬೇಕಾದದ್ದೂ ಅಲ್ಲ.

ಒಳ್ಳೆಯ ಅವಧಿ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಆದಮೇಲೆ ಸಿಗುತ್ತದೆ. ಹೆಚ್ಚಿನ ಕಡೆ ಸೆಪ್ಟೆಂಬರ್ 3ಕ್ಕೆ ಆ ಹಬ್ಬ ಮುಗಿಯುತ್ತದೆ. ಅಷ್ಟು ಹೊತ್ತಿಗೆ ನಾಟಿ ಕೆಲಸ ತೀರಿರುತ್ತದೆ, ಮಳೆಯ ಜೋರು ಇಳಿದಿರುತ್ತದೆ, ಕಾಫಿ ಇನ್ನೂ ಹಸಿರು. ಅಲ್ಲಿಂದ ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾ ಸಂಕ್ರಮಣದವರೆಗೆ ಆರು ವಾರ. ಸೆಪ್ಟೆಂಬರ್ 5ಕ್ಕೆ ಶುರು ಮಾಡಿದರೆ ಅಕ್ಟೋಬರ್ 4ಕ್ಕೆ 30 ದಿನ ತುಂಬುತ್ತದೆ. ನಡುವೆ ದಸರಾ ಬಂದು ನಾಲ್ಕೈದು ದಿನ ಹೋದರೂ ಸಂಕ್ರಮಣದೊಳಗೆ ತುಂಬಿಕೊಳ್ಳಲು ಜಾಗ ಉಳಿಯುತ್ತದೆ. ಆಟಿ, ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಮನೆಯೊಳಗೇ ಇರುತ್ತೇವಲ್ಲ, ಆಗಲೇ ಬರೆಯಬಹುದು ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬಾರದ ಊರುಗಳಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ.

ಇನ್ನು ಪದಗಳ ಸಂಖ್ಯೆ. 50,000 ಎಂಬುದು ಇಂಗ್ಲಿಷಿಗೆ ಹಾಕಿದ ಅಳತೆ. ಕನ್ನಡದಲ್ಲಿ ಪ್ರತ್ಯಯ, ಸಂಧಿ ಎಲ್ಲ ಒಂದೇ ಪದದೊಳಗೆ ಸೇರಿಕೊಳ್ಳುವುದರಿಂದ ಅಷ್ಟೇ ಕಥೆಗೆ ಪದ ಕಡಿಮೆ ಸಾಕು. 1/8 ಡೆಮಿ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ ಪುಟಕ್ಕೆ 200 ಪದ ಹಿಡಿದರೆ 50,000 ಪದ ಎಂದರೆ 250 ಪುಟ. ಮೊದಲ ಕಾದಂಬರಿಗೆ ಇದು ಭಾರ. 33,000 ಪದ ಇಟ್ಟುಕೊಳ್ಳಿ. ದಿನಕ್ಕೆ 1,100, ಪುಸ್ತಕವಾದರೆ 165 ಪುಟ, ಧಾರಾಳವಾಗಿ ಒಂದು ಕಾದಂಬರಿಯೇ. ಅಭ್ಯಾಸವಿರುವವರಿಗೆ ಗಂಟೆಗೆ 500ರಿಂದ 600 ಪದ ಬರುತ್ತದೆ, ಅಂದರೆ ದಿನಕ್ಕೆ ಎರಡು ಗಂಟೆ. ಬೆಳಿಗ್ಗೆ ಐದೂವರೆಗೆ ಒಂದು, ರಾತ್ರಿ ಊಟವಾದಮೇಲೆ ಒಂದು ಎಂದು ಒಡೆದರೆ ಕೆಲಸಕ್ಕೆ ಹೋಗುವವರಿಗೂ ಸಾಧ್ಯ.

ಎಣಿಕೆಯಲ್ಲಿ ಒಂದು ಮೋಸ ತಾನಾಗಿಯೇ ನುಸುಳುತ್ತದೆ. ತಂತ್ರಾಂಶ ಎಣಿಸುವುದು ಖಾಲಿ ಜಾಗವನ್ನು ನೋಡಿ. ‘ಬಂದುಬಿಟ್ಟಿದ್ದಾನೆಂಬುದನ್ನು’ ಒಂದು ಪದ, ‘ಬಂದು ಬಿಟ್ಟಿದ್ದಾನೆ ಎಂಬುದನ್ನು’ ಮೂರು. ಗುರಿ ಹತ್ತಿರ ಬಂದಂತೆ ಕೈ ಬಿಡಿಸಿ ಬರೆಯಲು ಶುರು ಮಾಡುತ್ತದೆ, ಸಂಭಾಷಣೆಗಳು ಸುಮ್ಮನೆ ಉದ್ದವಾಗುತ್ತವೆ. ಆದ್ದರಿಂದ ಪದದ ಜೊತೆಗೆ ದೃಶ್ಯಗಳನ್ನೂ ಎಣಿಸಬೇಕು. ದಿನಕ್ಕೊಂದು ದೃಶ್ಯ, 30 ದೃಶ್ಯ. ದೃಶ್ಯ 800 ಪದಕ್ಕೇ ಮುಗಿದರೆ ಮುಗಿಯಲಿ, ನಾಳೆಯದು ಹೇಗೂ 1,400 ಆಗುತ್ತದೆ.

ಟೈಪಿಂಗ್ ಏನಿದ್ದರೂ ಯೂನಿಕೋಡಿನಲ್ಲೇ ಇರಲಿ. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹ ಎರಡರಲ್ಲೂ ಆ ಆಯ್ಕೆ ಇದೆ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದು ಮೊಬೈಲಿನಲ್ಲಿ ತೆರೆದರೆ ಗೀಚಿದಂತೆ ಕಾಣುತ್ತದೆ, ಒಂದು ಹೆಸರು ಹುಡುಕಿದರೂ ಸಿಗುವುದಿಲ್ಲ. ಮುದ್ರಣಾಲಯದವರು ನುಡಿ ಆಸ್ಕಿ ಕೇಳಿದರೆ ಕೊನೆಯಲ್ಲಿ ಪರಿವರ್ತಿಸಿ ಕೊಡಿ, ಕೊಡುವ ಮುಂಚೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಓದಿ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಅವೇ. ಲಿಬ್ರೆ ಆಫೀಸ್ ಉಚಿತ, ಪದಗಳ ಲೆಕ್ಕ ಕಿಟಕಿಯ ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ. ಗೂಗಲ್ ಡಾಕ್ಸ್‌ನಲ್ಲಾದರೆ ಕಂಟ್ರೋಲ್, ಶಿಫ್ಟ್, ಸಿ ಒತ್ತಬೇಕು. ಡಾಕ್ಸ್‌ಗೆ ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ ಕನ್ನಡಕ್ಕೂ ಇದೆ, ಆದರೆ ಅದಕ್ಕೆ ನೆಟ್ ಬೇಕೇ ಬೇಕು, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನು ನಂತರ ಕೈಯಲ್ಲೇ ಹಾಕಬೇಕು. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ತೋಟಗಳಲ್ಲಿ ಆಫ್‌ಲೈನ್ ಕಡತವೇ ಸರಿ. ದಿನದ ಕೊನೆಗೆ ಕಡತಕ್ಕೆ ತಾರೀಖಿನ ಹೆಸರು ಕೊಟ್ಟು ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಡಿ, ಪೇಟೆಗೆ ಹೋದಾಗ ಮೇಲ್ ಮಾಡಿಕೊಳ್ಳಿ.

ಕೈಬರಹದವರು ಹಿಂಜರಿಯಬೇಕಾಗಿಲ್ಲ. ಸಾಲಿಗೆ 6 ಪದ, ಪುಟಕ್ಕೆ 24 ಸಾಲು ಎಂದರೆ 144 ಪದ, ದಿನಕ್ಕೆ ಎಂಟು ಪುಟಕ್ಕೆ ಗುರಿ ಮುಟ್ಟುತ್ತದೆ. ಬಾಲ್‌ಪೆನ್ ಬಳಸಿ, ನಮ್ಮ ಥಂಡಿಗೆ ಜೆಲ್ ಶಾಯಿ ಹಾಳೆಯಲ್ಲಿ ಹರಡುತ್ತದೆ.

ಕೊಡಗಿನ ಕಥೆಗೆ ಇನ್ನೊಂದು ತಯಾರಿ ಬೇಕು. ಪಾತ್ರಗಳು ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ ಬೆರೆಸಿ ಮಾತಾಡುತ್ತವೆ. ಕೊಡವ ತಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ನೇರ ಅಕ್ಷರವಿಲ್ಲದ ಸ್ವರಗಳಿವೆ, ಒಂದೇ ಮಾತನ್ನು ಮೂರು ಥರ ಬರೆಯಲು ಬರುತ್ತದೆ. ಮೊಬೈಲ್ ಕೀಲಿಮಣೆಯ ಸಲಹೆಗಳಂತೂ ಅದನ್ನು ಹತ್ತಿರದ ಕನ್ನಡ ಪದಕ್ಕೆ ತಿರುಗಿಸಿಬಿಡುತ್ತವೆ. ಸಲಹೆ, ತಿದ್ದುಪಡಿ ಎರಡನ್ನೂ ಆಫ್ ಮಾಡಿ. ಶುರುವಿಗೆ ಮುಂಚೆಯೇ ಮನೆತನದ ಹೆಸರು, ಊರಿನ ಹೆಸರು, ಪದೇ ಪದೇ ಬರುವ ನಲವತ್ತು ಐವತ್ತು ಮಾತುಗಳ ಕಾಗುಣಿತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಇಪ್ಪತ್ತನೇ ದಿನಕ್ಕೆ ಬೋಪಣ್ಣ ಬೊಪ್ಪಣ್ಣನಾಗಿರುವುದು ಕಂಡರೆ ತಿದ್ದಲು ಕೂತವರು ಆ ದಿನ ಮುಂದೆ ಬರೆಯುವುದಿಲ್ಲ.

ಬಿಡುವವರು ಹೆಚ್ಚಾಗಿ ಬಿಡುವುದು ಎರಡನೇ ವಾರದಲ್ಲಿ. ಮೊದಲ ವಾರ ಮನೆ, ಮಳೆ, ಅಜ್ಜಿ, ಐನ್‌ಮನೆಯ (ಮನೆತನದ ಮೂಲ ಮನೆ) ಕೈಯಾಲೆ (ಜಗಲಿ) ಎಲ್ಲ ವರ್ಣಿಸಿ 8,000 ಪದ ಸರಾಗವಾಗಿ ಆಗುತ್ತದೆ. ಎಂಟನೇ ದಿನ ಪಾತ್ರಕ್ಕೆ ಮಾಡಲು ಕೆಲಸವಿರುವುದಿಲ್ಲ. ಅದಕ್ಕೆ ಮದ್ದು ಆಗಸ್ಟಿನಲ್ಲೇ ಆಗಬೇಕು: 30 ಚೀಟಿ ಮಾಡಿ, ಪ್ರತಿಯೊಂದರಲ್ಲೂ ಯಾರು, ಎಲ್ಲಿ, ಏನು ಬೇಕಾಗಿದೆ, ಯಾರು ಅಡ್ಡ ಬರುತ್ತಾರೆ ಎಂದು ನಾಲ್ಕು ಸಾಲು. ಐನ್‌ಮನೆಯ ಜಾಗದ ಪಾಲಿಗಾಗಿ ಬೆಂಗಳೂರಿನಿಂದ ಬಂದ ತಮ್ಮ, ಸಹಿ ಹಾಕಲು ಒಪ್ಪದ ಅಕ್ಕ. ಇಷ್ಟು ಚೀಟಿಯಲ್ಲಿದ್ದರೆ ಆ ದಿನದ 1,100 ಪದ ಬಂದೇ ಬರುತ್ತದೆ. ‘ತೋಟದಲ್ಲಿ ಸಂಜೆ’ ಎಂದಷ್ಟೇ ಬರೆದ ಚೀಟಿ ಹರಿದು ಹಾಕಿ.

ಚರಿತ್ರೆಯ ಕಾದಂಬರಿಗೆ ಈ ಪದ್ಧತಿ ಅಷ್ಟಾಗಿ ಹೊಂದುವುದಿಲ್ಲ. ಹಾಲೇರಿ ಅರಸರ ಕಾಲ, 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಸಂದರ್ಭ, ಇಂಥದ್ದನ್ನು ಎತ್ತಿಕೊಂಡವರು ಓದು ಮುಗಿಸಿಕೊಂಡೇ ಬರಬೇಕು. ಬರೆಯುವಾಗ ಗೊತ್ತಿಲ್ಲದ ವಿವರ ಎದುರಾದರೆ ಅಲ್ಲಿ ಮೂರು ನಕ್ಷತ್ರ ಹಾಕಿ ಮುಂದೆ ಹೋಗಿ. ಹುಡುಕಲು ಎದ್ದರೆ ಆ ರಾತ್ರಿ ಓದಿನಲ್ಲೇ ಕಳೆಯುತ್ತದೆ. ಪ್ರತಿ ವಾಕ್ಯವನ್ನೂ ತಿದ್ದಿ ತೀಡಿ ಮುಂದೆ ಹೋಗುವ ಸ್ವಭಾವದವರು, ಆ ಸ್ವಭಾವ ಅವರ ಶಕ್ತಿಯೇ ಆಗಿದ್ದರೆ, ದಯವಿಟ್ಟು ಇದಕ್ಕೆ ಬರಬೇಡಿ. ನಿಧಾನವಾಗಿ ಬರೆದ ಒಳ್ಳೆಯ ಕಾದಂಬರಿ ಬೇಡ ಎಂದು ಯಾರೂ ಹೇಳಿಲ್ಲ.

ಒಬ್ಬರೇ ಮಾಡುವುದಕ್ಕಿಂತ ಮೂರು ನಾಲ್ಕು ಜನ ಸೇರಿದರೆ ಉಳಿಯುವ ಸಾಧ್ಯತೆ ಹೆಚ್ಚು. ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಹತ್ತಕ್ಕೆ ಆ ದಿನದ ಸಂಖ್ಯೆ ಮಾತ್ರ ಹಾಕಿ. ಬರೆದದ್ದನ್ನು ಹಾಕುವುದು ಬೇಡ, ಹಾಕಿದರೆ ಯಾರಾದರೂ ಅಭಿಪ್ರಾಯ ಹೇಳುತ್ತಾರೆ, ಬರೆದವರು ಹಿಂದೆ ತಿರುಗುತ್ತಾರೆ. ಭಾನುವಾರಕ್ಕೊಮ್ಮೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಎಲ್ಲರಿಗೂ ಬಸ್ಸು ಸಿಗುವ ಜಾಗದಲ್ಲಿ ಮೂರು ಗಂಟೆ ಒಟ್ಟಿಗೆ ಕೂತು ಬರೆಯಿರಿ.

ಮುಗಿದದ್ದು ಕರಡು, ಅದನ್ನು ಆ ವರ್ಷವೇ ಪ್ರಕಾಶಕರಿಗೆ ಕಳುಹಿಸಬೇಡಿ. ಕಾಫಿ ಕೊಯ್ಲು ಮುಗಿಯುವವರೆಗೆ ಮುಟ್ಟದೆ ಇಟ್ಟು, ಮಾರ್ಚಿನಲ್ಲಿ ಸಾಲಿನ ನಡುವೆ ಒಂದೂವರೆ ಪಟ್ಟು ಅಂತರ ಬಿಟ್ಟು, ಪ್ರತಿ ದೃಶ್ಯವನ್ನೂ ಹೊಸ ಪುಟದಿಂದ ಶುರು ಮಾಡಿ ಮುದ್ರಿಸಿಕೊಳ್ಳಿ. ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ನು ಬೇಡ. ಎರಡನೆಯದರಲ್ಲಿ ಬೇಡವಾದ ದೃಶ್ಯಗಳನ್ನು ಇಡಿಯಾಗಿ ತೆಗೆಯಿರಿ, ಮೂವತ್ತರಲ್ಲಿ ಏಳೆಂಟು ಹೋದರೆ ಆಶ್ಚರ್ಯವಿಲ್ಲ. ವಾಕ್ಯ ತಿದ್ದುವ ಕೆಲಸ ಅದಾದಮೇಲೆ.