ರಿಪೇರಿಯವನು ಪಾಸ್‌ವರ್ಡ್ ತೆಗೆದ, ಮದುವೆ ಕಾರ್ಡೆಲ್ಲ ಮಾಯ!

ಬಾಗಲಕೋಟೆಯಲ್ಲಿ ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳುವ ಸಿಸ್ಟಂ) ಬಳಸುವವರು ದಯವಿಟ್ಟು ಓದಿ. ನವನಗರದಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಕಂಪ್ಯೂಟರ್ ಫ್ಯಾನ್ ಸದ್ದು ಮಾಡುತ್ತಿತ್ತು ಅಂತ ರಿಪೇರಿಗೆ ಕೊಟ್ಟೆ. ಫ್ಯಾನ್ ಅಷ್ಟೇ. ಪಾಸ್‌ವರ್ಡ್ ಮುಟ್ಟು ಅಂತ ಅವನಿಗೆ ಯಾರು ಹೇಳಿದ್ದರು?

ತಂದು ಚಾಲೂ ಮಾಡಿದರೆ ಪಾಸ್‌ವರ್ಡ್ ಕೇಳಲೇ ಇಲ್ಲ. ಹೆಸರು ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಲಾಗಿನ್ ಪುಟವೇ ಬರುತ್ತದೆ. ಮತ್ತೆ ಒತ್ತು, ಮತ್ತೆ ಅದೇ. ಬೀಳಗಿಯಿಂದ ಬಂದ ಹುಡುಗಿಯ ಅಪ್ಪ ಕಾರ್ಡಿನ ಪ್ರೂಫ್ ನೋಡಲು ಎದುರಿಗೇ ಕೂತಿದ್ದಾರೆ. ಚಹಾ ಕುಡಿಸಿ ಎಷ್ಟು ಹೊತ್ತು ಕೂರಿಸುವುದು? ಮಾನ ಹೋಯಿತು.

ಫೋನ್ ಮಾಡಿದರೆ ಅವನು ನಗುತ್ತಾನೆ. "ಪಾಸ್‌ವರ್ಡ್ ತಗದೀನ್ರಿ ಸರ, ನಿಮಗ ಸಲೀಸ್ ಆಗ್ಲಿ ಅಂತ."

ಸಲೀಸಂತೆ! ನನ್ನದು ಲಿನಕ್ಸ್‌ನ ಉಬುಂಟು, 16.04 ಆವೃತ್ತಿ. ಗಿರಾಕಿಗಳ ಆಧಾರ್ ಪ್ರತಿ, ಫೋಟೋ ಎಲ್ಲ ಇರುತ್ತವೆ ಅಂತ ಹೋಮ್ ಫೋಲ್ಡರನ್ನು, ಅಂದರೆ ನನ್ನ ಫೈಲೆಲ್ಲ ಇರುವ ಜಾಗವನ್ನು, ಎನ್‌ಕ್ರಿಪ್ಟ್ ಮಾಡಿಸಿದ್ದೆ, ಬೀಗ ಹಾಕಿದ ಹಾಗೆ. ಅದು ತೆರೆಯುವುದೇ ಲಾಗಿನ್ ಪಾಸ್‌ವರ್ಡ್‌ನಿಂದ. ನೀವು ಪಾಸ್‌ವರ್ಡ್ ಹೊಡೆಯದೆ ಒಳಗೆ ಹೋದರೆ ಫೋಲ್ಡರ್ ಮುಚ್ಚಿಯೇ ಇರುತ್ತದೆ, ಡೆಸ್ಕ್‌ಟಾಪ್ ಏಳುವುದಿಲ್ಲ. ಕೆಟ್ಟಿದ್ದು ಏನೂ ಇಲ್ಲ.

ವಾಪಸ್ ಒಯ್ದೆ. ರಿಪೇರಿಗೆಂದೇ ಇರುವ ರಿಕವರಿ ಮೋಡ್‌ಗೆ ಹೋಗಿ ತಾನೇ ಒಂದು ಹೊಸ ಪಾಸ್‌ವರ್ಡ್ ಇಟ್ಟ. ಹೊಸದರಿಂದ ಹಳೇ ಬೀಗ ತೆರೆಯುತ್ತದೆಯೇ? ಆಮೇಲೆ ಅಂಗಡಿ ತುಂಬ ಜನರ ಮುಂದೆ ನನ್ನ ಫೋಲ್ಡರ್ ತೋರಿಸಿದ. ಎರಡೇ ಫೈಲ್. "ನೋಡ್ರಿ, ಖಾಲಿ ಐತಿ. ವೈರಸ್ ತಿಂದೈತಿ. ಫಾರ್ಮ್ಯಾಟ್ ಹೊಡಿಬೇಕ್ರಿ. ಡೇಟಾ ಬೇಕಂದ್ರ ಹುಬ್ಬಳ್ಳಿಗೆ ಕಳಸ್ಬೇಕು, ಆರ್ ಸಾವಿರ." ತಲೆ ಗಿರ್ ಅಂತು. ಸಾವಿರ ರೂಪಾಯಿ ಮುಂಗಡ ಕಿತ್ತುಕೊಂಡ.

ಆ ಎರಡು ಫೈಲ್ ಯಾವುವು ಗೊತ್ತಾ? ಒಂದರ ಹೆಸರು 'ಆಕ್ಸೆಸ್ ಯುವರ್ ಪ್ರೈವೇಟ್ ಡೇಟಾ'. ಇನ್ನೊಂದು 'ರೀಡ್‌ಮಿ'. ಡೇಟಾ ಕಾಪಾಡಲು ಈ ಫೋಲ್ಡರನ್ನು ಅನ್‌ಮೌಂಟ್ ಮಾಡಲಾಗಿದೆ, ಅಂದರೆ ಮುಚ್ಚಿಡಲಾಗಿದೆ ಅಂತ ಅದರೊಳಗೇ ಬರೆದಿರುತ್ತದೆ. ದಿನಾ ಕಂಪ್ಯೂಟರ್ ಬಿಚ್ಚುವವನು ಅದನ್ನು ಓದಲಿಲ್ಲ ಮಹಾರಾಯ!

ಬೆಳಗಾವಿಯ ಸೋದರಳಿಯ ಫೋನಿನಲ್ಲಿ ಹೇಳಿದ: "ಮಾಮಾ, ಫಾರ್ಮ್ಯಾಟ್ ಮಾತ್ರ ಹೊಡಸಬ್ಯಾಡ್ರಿ. ಹಳೇ ಪಾಸ್‌ವರ್ಡೇ ತಿರುಗಿ ಇಡ್ರಿ." ಅವನು ಹೇಳಿದಂತೆ ಹಳೆಯದನ್ನೇ ಇಟ್ಟು, ಲಾಗಿನ್‌ನಲ್ಲಿ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ ಟೈಪ್ ಮಾಡಿದೆ. ಕಾರ್ಡೆಲ್ಲ ಹಾಗೇ ಇವೆ!

ರಿಪೇರಿಯವನಿಗೆ ಮುಂಗಡ ವಾಪಸ್ ಕೇಳಿದರೆ, "ಅದು ಚೆಕಿಂಗ್ ಚಾರ್ಜ್ ರಿ." ಏನು ಚೆಕ್ ಮಾಡಿದೆಯಪ್ಪಾ? "ಖಾಲಿ ಐತಿ ಅಂತ ನೋಡಿ ಹೇಳಿದ್ನೆಲ್ರಿ."

2018ರ 18.04 ಆವೃತ್ತಿಯಿಂದ ಉಬುಂಟು ಹಾಕುವಾಗ ಹೋಮ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆಯೇ ಇಲ್ಲ. ಅದಕ್ಕಿಂತ ಹಳೆಯದು ಇಟ್ಟುಕೊಂಡವರು 'ಇಕ್ರಿಪ್ಟ್‌ಎಫ್‌ಎಸ್-ಅನ್‌ವ್ರ್ಯಾಪ್-ಪಾಸ್‌ಫ್ರೇಸ್' (ecryptfs-unwrap-passphrase) ಅನ್ನುವ ಕಮಾಂಡ್ ಓಡಿಸಿ, ಬರುವ 32 ಅಕ್ಷರ ಬರೆದಿಡಿ, ಆ ಫೋಲ್ಡರಿನ ಮೂಲ ಕೀಲಿ ಅದೇ. ಲಾಗಿನ್‌ನಲ್ಲಿ ಪಾಸ್‌ವರ್ಡ್ ಬೇಡವೇ ಬೇಡ ಅನ್ನುವವರು ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿಸಿ, ಅದು ಶುರುವಿನಲ್ಲೇ ಒಂದು ಸಲ ಕೇಳುತ್ತದೆ. ಇನ್ನು ಫ್ಯಾನ್ ಹಾಕಿಸಲು ಕೊಡುವಾಗ ಹಾರ್ಡ್‌ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟು ಹೋಗಿ. ನಾನಂತೂ ಇನ್ನು ಹಾಗೇ ಮಾಡುವವನು.