ತಾಮ್ರದ ಗ್ಯಾಸ್ಕೆಟ್: ಎರಡೂವರೆ ವರ್ಷ ಬಳಸಿದ ಮೇಲೆ

ಕಾರು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಹುಟ್ಟಿದ್ದು ಮುಂಬೈನ ಕುರ್ಲಾದಲ್ಲಿ, ಈಗ ಇರೋದು ಪುಣೆಯ ಕೋಥ್ರೂಡ್‌ನಲ್ಲಿ, ನಮ್ಮ ಮನೆ ಮುಂದೆ. ಹಿಂದಿನ ಮಾಲೀಕರು ಇಂಜಿನ್‌ನ ಹೊಗೆಯನ್ನು ಹೊರಗೊಯ್ಯುವ ಎರಕದ ಮ್ಯಾನಿಫೋಲ್ಡ್ ತೆಗೆಸಿ, ಅದರ ಜಾಗಕ್ಕೆ ಪೈಪಿನ ಹೆಡರ್ ಹಾಕಿಸಿದ್ದರು. ಹೆಡರ್ ಇಂಜಿನ್‌ಗೆ ಕೂಡುವ ಕಡೆ ಹೊಗೆ ಸೋರದಂತೆ ನಡುವೆ ಇಡುವ ತೆಳು ಹಾಳೆಯೇ ಗ್ಯಾಸ್ಕೆಟ್. ರಗಳೆ ಅಲ್ಲಿಂದಲೇ.

ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್. ಐದು ನಿಮಿಷದಲ್ಲಿ ಮಾಯ. ಹೆಡರ್ ಸಂದಿನಿಂದ ಹೊಗೆ ಸೋರುವ ಸದ್ದು ಅದು; ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಮೆಕ್ಯಾನಿಕ್ ಇದು ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗ) ಸದ್ದು ಅಂದ. ಎರಡು ಸಲ ಟ್ಯಾಪೆಟ್ ಸೆಟ್ ಮಾಡಿ ಎರಡು ಸಲವೂ ದುಡ್ಡು ಎಣಿಸಿಕೊಂಡ.

ಕೊನೆಗೆ ನಾನೇ ಹುಡುಕಿದೆ. ಇಂಜಿನ್ ತಣ್ಣಗಿದ್ದಾಗ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರ್ ತುದಿಗೆ ಹಿಡಿದು, ಹೆಡರ್ ಮೇಲೆ ಸೋಪಿನ ನೀರು ಚಿಮುಕಿಸಿದೆ. ನಾಲ್ಕನೇ ಪೋರ್ಟ್ (ಇಂಜಿನ್‌ನಿಂದ ಹೊಗೆ ಹೊರಬರುವ ಕಂಡಿ) ಹತ್ತಿರ ಗುಳ್ಳೆ ಎದ್ದಿತು. ಅಲ್ಲೇ ಕಪ್ಪು ಮಸಿಯೂ ಇತ್ತು, ನೋಡಿರಲಿಲ್ಲ! ಇದನ್ನು ಸುಮ್ನೆ ಸದ್ದು ಅಂತ ಬಿಡಬೇಡಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಹಳೇ ಕಾರಿನ ಫೈರ್‌ವಾಲ್‌ನಲ್ಲಿ (ಇಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡು) ತೂತುಗಳಿಗೇನೂ ಬರ ಇಲ್ಲ.

ಮೊದಲು ಸೋರಿಕೆ ಮುಚ್ಚುವ ಪೇಸ್ಟ್ ಮೆತ್ತಿದೆ. ಮೂರು ವಾರಕ್ಕೆ ಉದುರಿತು. ಅದು ಸೈಲೆನ್ಸರ್ ಕಡೆಗೆ ಸರಿ, ಇಂಜಿನ್ ಬುಡದ ಶಾಖಕ್ಕಲ್ಲ. ಆಮೇಲೆ ನಾನಾ ಪೇಠ್‌ನಿಂದ ತಾಮ್ರದ ಗ್ಯಾಸ್ಕೆಟ್ ತಂದೆ. ಅದೂ ಎರಡೇ ತಿಂಗಳಲ್ಲಿ ಸೋರಿತು. ಬೈದುಕೊಂಡೆ, ಒಂದು ಸ್ಟಾರ್ ಕೊಡುವ ಮೂಡಿನಲ್ಲಿದ್ದೆ.

ತಪ್ಪು ಗ್ಯಾಸ್ಕೆಟ್‌ದಲ್ಲ. ಹೆಡರ್ ಬಿಚ್ಚಿ ಅದರ ಫ್ಲೇಂಜ್ (ಇಂಜಿನ್‌ಗೆ ಕೂಡುವ ಚಪ್ಪಟೆ ಪಟ್ಟಿ) ಮೇಲೆ ಉಕ್ಕಿನ ಸ್ಕೇಲ್ ಇಟ್ಟರೆ ತುದಿಯಲ್ಲಿ 0.4 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ನುಗ್ಗಿತು. ತೆಳು ಫ್ಲೇಂಜ್, ವೆಲ್ಡಿಂಗ್ ಬಿಸಿಗೆ ಬಾಳೆಹಣ್ಣಿನಂತೆ ಬಾಗಿತ್ತು. ಎಂಥ ಗ್ಯಾಸ್ಕೆಟ್ ಹಾಕಿದರೂ ಅಷ್ಟು ಸಂದು ತುಂಬುತ್ತಾ? ಭೋಸರಿಯ ವರ್ಕ್‌ಶಾಪ್ ಒಂದರಲ್ಲಿ ಗ್ರೈಂಡ್ ಮಾಡಿಸಿ ಸಮ ಮಾಡಿಸಿದೆ. ಬಿಚ್ಚುವಾಗ ಒಂದು ಸ್ಟಡ್ ಬೋಲ್ಟ್ ಮುರಿದದ್ದು ಬೇರೆ ಕಥೆ. ಹಿಂದಿನ ರಾತ್ರಿಯೇ ಎಣ್ಣೆ ಹಾಕಿ ನೆನೆಸಬೇಕಿತ್ತು.

ಗ್ಯಾಸ್ಕೆಟ್ ಹೊಸದು ಕೊಳ್ಳಲಿಲ್ಲ. ತಾಮ್ರ ಒತ್ತಡಕ್ಕೆ ಗಡುಸಾಗಿರುತ್ತದೆ. ಬ್ಲೋ ಟಾರ್ಚ್‌ನಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಾದರೆ ಇದಕ್ಕೆ ಉಲ್ಟಾ. ಅದೇ ಗ್ಯಾಸ್ಕೆಟ್ ಹಾಕಿ, ತುಕ್ಕು ಹಿಡಿದು ಕಚ್ಚಿಕೊಳ್ಳದಿರಲಿ ಅಂತ ಹಿತ್ತಾಳೆ ನಟ್ ಹಾಕಿ, ನಡುವಿನಿಂದ ತುದಿಗಳ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದೆ. ಕಾದು ಆರಿದ ಮೇಲೆ ಮತ್ತೆ ಬಿಗಿ ಮಾಡಲೇಬೇಕು. ಮೊದಲ ತಿಂಗಳಲ್ಲೇ ಮೂರು ಸಲ ಸ್ಪ್ಯಾನರ್ ಹಿಡಿದೆ. ಈ ಗ್ಯಾಸ್ಕೆಟ್‌ಗೆ ಐದರಲ್ಲಿ ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ. ಪ್ಯಾಕೆಟ್ ಮೇಲೆ ಈ ಮಾತು ಒಂದಕ್ಷರ ಇಲ್ಲ.

ಈಗ ಎರಡೂವರೆ ವರ್ಷ. ಬೆಳಗಾವಿಗೆ ಆರು ಸಲ ಹೋಗಿ ಬಂದಿದ್ದೇವೆ. ನನ್ನ ಪರೀಕ್ಷೆ ನಡೆಯೋದು ವಾಪಸ್ ಬರುವಾಗ, ಸಾತಾರಾ-ಪುಣೆ ಹೆದ್ದಾರಿಯ ಖಂಬಾಟ್ಕಿ ಸುರಂಗದಲ್ಲಿ. ಕಿಟಕಿ ಇಳಿಸಿದರೆ ಗೋಡೆಗೆ ಬಡಿದು ಎಲ್ಲ ಸದ್ದೂ ವಾಪಸ್ ಬರುತ್ತದೆ. ಹೋದ ತಿಂಗಳು ಟಿಕ್ ಟಿಕ್ ಇರಲಿಲ್ಲ. ಹಿಂದಿನ ಬಾಗಿಲಿನ ಗಡಗಡ ಮಾತ್ರ ಚೆನ್ನಾಗಿ ಕೇಳಿಸಿತು.